ಔಷಧ ನಿಯಂತ್ರಣದಲ್ಲಿ ಅಂತರರಾಷ್ಟ್ರೀಯ ಸಹಕಾರ

ಔಷಧ ನಿಯಂತ್ರಣದಲ್ಲಿ ಅಂತರರಾಷ್ಟ್ರೀಯ ಸಹಕಾರ ಎಂದರೆ ಔಷಧ ಮತ್ತು ಲಸಿಕೆಗಳ ಗುಣಮಟ್ಟ, ಸುರಕ್ಷತೆ ಹಾಗೂ ಪರಿಣಾಮಕಾರಿತ್ವವನ್ನು ಪರಿಶೀಲಿಸುವ ಹೊಣೆ ಹೊತ್ತಿರುವ ವಿವಿಧ ದೇಶಗಳ ಸರ್ಕಾರಿ ಸಂಸ್ಥೆಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ, ಮಾನದಂಡಗಳನ್ನು ಏಕರೂಪಗೊಳಿಸುವ ಮತ್ತು ಒಬ್ಬರ ತಪಾಸಣೆಯನ್ನು ಇನ್ನೊಬ್ಬರು ಬಳಸಿಕೊಳ್ಳುವ ವ್ಯವಸ್ಥೆ. ಔಷಧಕ್ಕೆ ಪರವಾನಗಿ ನೀಡುವ ಅಧಿಕಾರ ಆಯಾ ದೇಶದ ಕಾನೂನಿಗೆ ಸೇರಿದ್ದು. ಆದರೆ ಒಂದು ಮಾತ್ರೆಯ ಮೂಲವಸ್ತು ಒಂದು ದೇಶದಲ್ಲಿ, ತಯಾರಿಕೆ ಎರಡನೆಯ ದೇಶದಲ್ಲಿ, ಮಾರಾಟ ಮೂರನೆಯ ದೇಶದಲ್ಲಿ ನಡೆಯುವುದು ಸಾಮಾನ್ಯವಾಗಿರುವುದರಿಂದ ಯಾವುದೇ ದೇಶದ ನಿಯಂತ್ರಣ ಸಂಸ್ಥೆಯೂ ಒಂಟಿಯಾಗಿ ತನ್ನ ಕರ್ತವ್ಯವನ್ನು ಪೂರೈಸಲಾರದು.

ಭಾರತವು ಜೆನೆರಿಕ್ ಔಷಧಗಳ ಮತ್ತು ಲಸಿಕೆಗಳ ಪ್ರಮುಖ ರಫ್ತುದಾರ ರಾಷ್ಟ್ರವಾಗಿದೆ. ಬೆಂಗಳೂರು ಜೈವಿಕ ಔಷಧಗಳ ತಯಾರಿಕೆಗೆ ಹೆಸರಾದ ನಗರ. ಹೀಗಾಗಿ ಈ ಸಹಕಾರವು ಕರ್ನಾಟಕಕ್ಕೂ ನೇರವಾಗಿ ಸಂಬಂಧಿಸಿದೆ. 2025ರಲ್ಲಿ ಹಾಸನ ಜಿಲ್ಲೆಯಿಂದ ವರದಿಯಾದ ಹಠಾತ್ ಹೃದಯಾಘಾತದ ಸಾವುಗಳ ಸಂದರ್ಭದಲ್ಲಿ ಕೋವಿಡ್ ಲಸಿಕೆಯ ಅನುಮೋದನೆಯ ಬಗ್ಗೆ ಎದ್ದ ಪ್ರಶ್ನೆಗಳು ಈ ವಿಷಯವನ್ನು ಜಿಲ್ಲಾ ಮಟ್ಟದ ಸಾರ್ವಜನಿಕ ಚರ್ಚೆಗೆ ತಂದವು.

ಹಿನ್ನೆಲೆ

ಔಷಧ ನಿಯಂತ್ರಣದ ಕಾನೂನುಗಳು ಬಹುಮಟ್ಟಿಗೆ ದುರಂತಗಳ ನಂತರ ರೂಪುಗೊಂಡವು. 1937ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರಾವಕವನ್ನು ಬಳಸಿ ತಯಾರಿಸಿದ ಸಲ್ಫಾನಿಲಮೈಡ್ ದ್ರವೌಷಧವನ್ನು ಸೇವಿಸಿ ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಮಾರಾಟಕ್ಕೆ ಮುನ್ನ ಔಷಧದ ಸುರಕ್ಷತೆಯನ್ನು ತೋರಿಸಬೇಕೆಂಬ ಅಮೆರಿಕದ ಕಾನೂನು ಮರುವರ್ಷ, 1938ರಲ್ಲಿ ಜಾರಿಗೆ ಬಂದಿತು. ಭಾರತದಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿಯು 1930–31ರಲ್ಲಿ ದೇಶದ ಔಷಧ ಮಾರುಕಟ್ಟೆಯ ಸ್ಥಿತಿಯನ್ನು ಪರಿಶೀಲಿಸಿತು. ಅದರ ಶಿಫಾರಸುಗಳ ಹಿನ್ನೆಲೆಯಲ್ಲಿ 1940ರ ಔಷಧ ಕಾಯ್ದೆ ಮತ್ತು 1945ರ ನಿಯಮಗಳು ಬಂದವು. ಈ ಕಾಯ್ದೆಯೇ ಮುಂದೆ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಎಂಬ ಹೆಸರು ಪಡೆಯಿತು.

ದೇಶಗಳ ನಡುವಣ ಸಹಕಾರಕ್ಕೆ ನಿರ್ಣಾಯಕ ಪ್ರೇರಣೆ ದೊರೆತದ್ದು ಥಾಲಿಡೋಮೈಡ್ ದುರಂತದಿಂದ. 1950ರ ದಶಕದ ಕೊನೆಯಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಈ ಔಷಧವನ್ನು ಗರ್ಭಿಣಿಯರಿಗೆ ವಾಕರಿಕೆಯ ಶಮನಕ್ಕಾಗಿಯೂ ನೀಡಲಾಗುತ್ತಿತ್ತು. ಇದರ ಪರಿಣಾಮವಾಗಿ ಹಲವು ದೇಶಗಳಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಕೈಕಾಲುಗಳ ಗಂಭೀರ ನ್ಯೂನತೆಯೊಂದಿಗೆ ಜನಿಸಿದರೆಂದು ಅಂದಾಜಿಸಲಾಗಿದೆ. 1961ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಇದನ್ನು ಹಿಂಪಡೆಯಲಾಯಿತಾದರೂ ಕೆಲವು ದೇಶಗಳಲ್ಲಿ ಅದರ ಮಾರಾಟ ಮುಂದುವರಿದಿತ್ತು. ಅಮೆರಿಕದಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಪರಿಶೀಲಕಿ ಫ್ರಾನ್ಸಿಸ್ ಕೆಲ್ಸಿ ಅವರು ಸಾಕಷ್ಟು ಪುರಾವೆಯಿಲ್ಲವೆಂದು ಅನುಮೋದನೆಯನ್ನು ತಡೆಹಿಡಿದಿದ್ದರು. ಒಂದು ದೇಶಕ್ಕೆ ತಿಳಿದ ಅಪಾಯ ಇನ್ನೊಂದು ದೇಶಕ್ಕೆ ಸಕಾಲದಲ್ಲಿ ತಲುಪುವ ವ್ಯವಸ್ಥೆಯೇ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

1963ರಲ್ಲಿ ವಿಶ್ವ ಆರೋಗ್ಯ ಅಧಿವೇಶನವು ಔಷಧಗಳ ಅಡ್ಡಪರಿಣಾಮಗಳ ಮಾಹಿತಿಯನ್ನು ಶೀಘ್ರವಾಗಿ ಹಂಚುವ ಅಗತ್ಯದ ಕುರಿತು ನಿರ್ಣಯ ಕೈಗೊಂಡಿತು. 1968ರಲ್ಲಿ ಹತ್ತು ದೇಶಗಳೊಂದಿಗೆ ಅಂತರರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮ ಆರಂಭವಾಯಿತು. 1978ರಿಂದ ಅದರ ಕಾರ್ಯನಿರ್ವಹಣೆ ಸ್ವೀಡನ್ನಿನ ಉಪ್ಸಲಾ ನಗರದ ಕೇಂದ್ರದಲ್ಲಿ ನಡೆಯುತ್ತಿದೆ.

ಸಹಕಾರದ ವಿಧಗಳು

ನಿಯಂತ್ರಣ ಸಂಸ್ಥೆಗಳ ನಡುವಣ ಸಹಕಾರವನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮಾಹಿತಿ ವಿನಿಮಯ: ಅಡ್ಡಪರಿಣಾಮ, ಕಳಪೆ ಬ್ಯಾಚ್, ನಕಲಿ ಔಷಧ ಇತ್ಯಾದಿಗಳ ಬಗ್ಗೆ ಒಂದು ದೇಶ ಪಡೆದ ತಿಳಿವಳಿಕೆಯನ್ನು ಇತರ ದೇಶಗಳಿಗೆ ತಲುಪಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಔಷಧ ಎಚ್ಚರಿಕೆಗಳು ಈ ವರ್ಗಕ್ಕೆ ಸೇರುತ್ತವೆ.

ಮಾನದಂಡಗಳ ಏಕರೂಪತೆ: ಔಷಧದ ಶುದ್ಧತೆ, ಸ್ಥಿರತೆ, ವೈದ್ಯಕೀಯ ಪ್ರಯೋಗಗಳ ವಿಧಾನ ಮುಂತಾದವುಗಳಿಗೆ ಸಮಾನ ನಿಯಮಗಳನ್ನು ರೂಪಿಸುವುದು. ಇದರಿಂದ ಒಂದೇ ಪರೀಕ್ಷೆಯನ್ನು ಪ್ರತಿ ದೇಶಕ್ಕೂ ಮರಳಿ ಮಾಡಬೇಕಾದ ಅಗತ್ಯ ತಪ್ಪುತ್ತದೆ.

ಅವಲಂಬನೆ: ಇನ್ನೊಂದು ದೇಶದ ನಿಯಂತ್ರಣ ಸಂಸ್ಥೆ ಮಾಡಿದ ಮೌಲ್ಯಮಾಪನವನ್ನು ತನ್ನ ತೀರ್ಮಾನಕ್ಕೆ ಆಧಾರವಾಗಿ ಬಳಸಿಕೊಳ್ಳುವುದು. ಇಲ್ಲಿ ಅಂತಿಮ ನಿರ್ಧಾರ ಮತ್ತು ಅದರ ಹೊಣೆ ಬಳಸಿಕೊಳ್ಳುವ ದೇಶದ್ದೇ ಆಗಿರುತ್ತದೆ.

ಪರಸ್ಪರ ಮಾನ್ಯತೆ: ಒಪ್ಪಂದದ ಮೂಲಕ ಒಬ್ಬರ ತಪಾಸಣಾ ವರದಿಯನ್ನು ಇನ್ನೊಬ್ಬರು ತಮ್ಮದೆಂಬಂತೆ ಸ್ವೀಕರಿಸುವುದು. ಅಮೆರಿಕ ಮತ್ತು ಐರೋಪ್ಯ ಒಕ್ಕೂಟಗಳ ನಡುವೆ ಮಾನವ ಔಷಧ ತಯಾರಿಕಾ ಘಟಕಗಳ ತಪಾಸಣೆಗೆ ಸಂಬಂಧಿಸಿದ ಇಂಥ ಒಪ್ಪಂದ 2019ರ ಜುಲೈನಲ್ಲಿ ಒಕ್ಕೂಟದ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಅನ್ವಯವಾಯಿತು.

ಪ್ರಮುಖ ವೇದಿಕೆಗಳು

ವಿಶ್ವ ಆರೋಗ್ಯ ಸಂಸ್ಥೆಯು 1969ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದಲ್ಲಿರುವ ಔಷಧಗಳಿಗೆ ಪ್ರಮಾಣಪತ್ರ ನೀಡುವ ಯೋಜನೆಯನ್ನು ರೂಪಿಸಿತು. ರಫ್ತು ಮಾಡುವ ದೇಶದ ನಿಯಂತ್ರಣ ಸಂಸ್ಥೆಯು ಔಷಧದ ಪರವಾನಗಿ ಮತ್ತು ತಯಾರಿಕಾ ಕ್ರಮದ ಬಗ್ಗೆ ನೀಡುವ ಈ ಪ್ರಮಾಣಪತ್ರವನ್ನು ಸ್ವಂತ ಪರೀಕ್ಷಾಲಯಗಳಿಲ್ಲದ ಸಣ್ಣ ದೇಶಗಳು ಹೆಚ್ಚಾಗಿ ನೆಚ್ಚಿಕೊಂಡಿವೆ. 2001ರಲ್ಲಿ ಆರಂಭವಾದ ಪೂರ್ವಾರ್ಹತಾ ಕಾರ್ಯಕ್ರಮದಡಿ ಎಚ್‌ಐವಿ, ಕ್ಷಯ ಮತ್ತು ಮಲೇರಿಯಾ ರೋಗಗಳ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಪರಿಶೀಲಿಸಿ ಪಟ್ಟಿ ಮಾಡುತ್ತದೆ. 1980ರಿಂದ ನಿಯಂತ್ರಣಾಧಿಕಾರಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯುತ್ತಿದ್ದು, ಅದರ 19ನೆಯ ಸಮ್ಮೇಳನ 2024ರ ಅಕ್ಟೋಬರ್‌ನಲ್ಲಿ ನವದೆಹಲಿಯಲ್ಲಿ ಜರುಗಿತು.

ಅಂತರರಾಷ್ಟ್ರೀಯ ಏಕರೂಪತಾ ಪರಿಷತ್ತು (ಐಸಿಎಚ್) 1990ರಲ್ಲಿ ಯುರೋಪ್, ಜಪಾನ್ ಮತ್ತು ಅಮೆರಿಕಗಳ ನಿಯಂತ್ರಣ ಸಂಸ್ಥೆಗಳು ಹಾಗೂ ಔಷಧ ಉದ್ಯಮದ ಸಹಭಾಗಿತ್ವದಲ್ಲಿ ಹುಟ್ಟಿತು. ಭಾರತದ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಇದರಲ್ಲಿ ವೀಕ್ಷಕ ಸ್ಥಾನ ಹೊಂದಿದೆ. ಔಷಧ ತಪಾಸಣಾ ಸಹಕಾರ ಯೋಜನೆಯು (ಪಿಐಸಿ/ಎಸ್) ತಯಾರಿಕಾ ಘಟಕಗಳನ್ನು ಪರಿಶೀಲಿಸುವ ಅಧಿಕಾರಿಗಳ ವಿಧಾನಗಳನ್ನು ಸಮಾನಗೊಳಿಸುವ ಒಕ್ಕೂಟ. ಭಾರತ ಇದರ ಸದಸ್ಯ ರಾಷ್ಟ್ರವಾಗಿಲ್ಲ. ಆಫ್ರಿಕಾ ಖಂಡದಲ್ಲಿ ಆಫ್ರಿಕನ್ ಔಷಧ ಸಂಸ್ಥೆಯನ್ನು ಸ್ಥಾಪಿಸುವ ಒಪ್ಪಂದವು 2019ರಲ್ಲಿ ಅಂಗೀಕಾರಗೊಂಡು 2021ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು.

ಭಾರತದ ಸ್ಥಾನ

ಭಾರತದಲ್ಲಿ ಔಷಧ ನಿಯಂತ್ರಣದ ಅಧಿಕಾರ ಕೇಂದ್ರ ಮತ್ತು ರಾಜ್ಯಗಳ ನಡುವೆ ಹಂಚಿಕೆಯಾಗಿದೆ. ಹೊಸ ಔಷಧಗಳ ಅನುಮೋದನೆ, ವೈದ್ಯಕೀಯ ಪ್ರಯೋಗಗಳಿಗೆ ಸಮ್ಮತಿ ಮತ್ತು ಆಮದಿನ ನಿಯಂತ್ರಣವು ಭಾರತದ ಔಷಧ ಮಹಾನಿಯಂತ್ರಕರ ನೇತೃತ್ವದ ಕೇಂದ್ರ ಸಂಸ್ಥೆಗೆ ಸೇರಿದೆ. ಬಹುತೇಕ ತಯಾರಿಕಾ ಮತ್ತು ಮಾರಾಟ ಪರವಾನಗಿಗಳನ್ನು ರಾಜ್ಯಗಳ ಔಷಧ ನಿಯಂತ್ರಣ ಇಲಾಖೆಗಳು ನೀಡುತ್ತವೆ. ಆದ್ದರಿಂದ ವಿದೇಶಿ ನಿಯಂತ್ರಣ ಸಂಸ್ಥೆಯೊಂದು ಭಾರತದ ಒಂದು ಘಟಕದ ಬಗ್ಗೆ ವಿಚಾರಿಸಿದಾಗ, ಉತ್ತರವು ಹಲವು ಸಲ ಕೇಂದ್ರ ಮತ್ತು ರಾಜ್ಯಗಳೆರಡರ ದಾಖಲೆಗಳನ್ನು ಅವಲಂಬಿಸಿರುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ನವದೆಹಲಿಯಲ್ಲಿ ತನ್ನ ಕಚೇರಿಯನ್ನು ತೆರೆಯಿತು. 2014ರ ಫೆಬ್ರವರಿಯಲ್ಲಿ ಆ ಸಂಸ್ಥೆಯ ಆಗಿನ ಆಯುಕ್ತೆ ಮಾರ್ಗರೆಟ್ ಹ್ಯಾಂಬರ್ಗ್ ಅವರ ಭಾರತ ಭೇಟಿಯ ವೇಳೆ ಸಹಕಾರದ ಉದ್ದೇಶ ಪತ್ರಕ್ಕೆ ಎರಡೂ ಕಡೆಯವರು ಸಹಿ ಮಾಡಿದರು. ಅಮೆರಿಕಕ್ಕೆ ರಫ್ತು ಮಾಡುವ ಭಾರತೀಯ ಘಟಕಗಳನ್ನು ಆ ದೇಶದ ಪರಿವೀಕ್ಷಕರೇ ತಪಾಸಣೆ ಮಾಡುತ್ತಾರೆ.

ಭಾರತೀಯ ಔಷಧಕೋಶವನ್ನು ಅಧಿಕೃತ ಗುಣಮಟ್ಟದ ಗ್ರಂಥವೆಂದು 2019ರಲ್ಲಿ ಮೊದಲು ಮಾನ್ಯ ಮಾಡಿದ ವಿದೇಶ ಅಫ್ಘಾನಿಸ್ತಾನ. ಆನಂತರ ನೇಪಾಳ, ಘಾನಾ, ಮಾರಿಷಸ್, ಸುರಿನಾಮ್ ಮೊದಲಾದ ದೇಶಗಳೂ ಮಾನ್ಯತೆ ನೀಡಿದವು. 2023ರಲ್ಲಿ ಭಾರತೀಯ ಔಷಧಕೋಶ ಆಯೋಗವು ಯುರೋಪ್, ಜಪಾನ್ ಮತ್ತು ಅಮೆರಿಕಗಳ ಔಷಧಕೋಶ ಸಂಸ್ಥೆಗಳ ಚರ್ಚಾ ಗುಂಪಿನ ಸದಸ್ಯತ್ವ ಪಡೆಯಿತು.

2019ರ ಹೊಸ ಔಷಧಗಳು ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳಡಿ, 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶದಂತೆ ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಮತ್ತು ಐರೋಪ್ಯ ಒಕ್ಕೂಟಗಳಲ್ಲಿ ಅನುಮೋದನೆ ಪಡೆದ ಕೆಲವು ವರ್ಗದ ಔಷಧಗಳಿಗೆ ಭಾರತದಲ್ಲಿ ಸ್ಥಳೀಯ ಪ್ರಯೋಗದಿಂದ ವಿನಾಯಿತಿ ದೊರೆಯಬಹುದು. ಅಪರೂಪದ ಕಾಯಿಲೆಗಳ ಔಷಧ, ಜೀನ್ ಮತ್ತು ಕೋಶ ಚಿಕಿತ್ಸೆ, ಸಾಂಕ್ರಾಮಿಕ ಸಂದರ್ಭದ ಔಷಧ, ರಕ್ಷಣಾ ಉದ್ದೇಶದ ಔಷಧ ಮತ್ತು ಚಿಕಿತ್ಸೆಯಲ್ಲಿ ಗಣನೀಯ ಪ್ರಗತಿ ತರುವ ಔಷಧ ಎಂಬ ಐದು ವರ್ಗಗಳು ಇದರಲ್ಲಿ ಸೇರಿವೆ. ಇದು ಅವಲಂಬನೆಯ ತತ್ತ್ವಕ್ಕೆ ಉದಾಹರಣೆ.

ಕರ್ನಾಟಕದಲ್ಲಿ

ಜೈವಿಕ ಔಷಧಗಳು: 1978ರಲ್ಲಿ ಕಿರಣ್ ಮಜುಂದಾರ್ ಷಾ ಅವರು ಐರ್ಲೆಂಡಿನ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆಯು, ಮೈಲಾನ್ ಸಂಸ್ಥೆಯೊಂದಿಗೆ ಅಭಿವೃದ್ಧಿಪಡಿಸಿದ ಸ್ತನ ಕ್ಯಾನ್ಸರಿನ ಔಷಧ ಟ್ರಾಸ್ಟುಜುಮ್ಯಾಬ್‌ನ ಸದೃಶ ರೂಪಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮೋದನೆ ದೊರೆಯಿತು. ಆ ಔಷಧದ ಸದೃಶ ರೂಪಕ್ಕೆ ಅಮೆರಿಕದಲ್ಲಿ ದೊರೆತ ಮೊದಲ ಅನುಮೋದನೆ ಅದಾಗಿತ್ತು. ಇದೇ ಸಹಭಾಗಿತ್ವದ ಇನ್ಸುಲಿನ್ ಗ್ಲಾರ್ಜಿನ್, ಮೂಲ ಔಷಧದ ಬದಲಿಗೆ ಔಷಧಾಲಯದಲ್ಲಿಯೇ ನೀಡಬಹುದಾದ ಮೊದಲ ಜೈವಿಕ ಸದೃಶ ಔಷಧವೆಂದು 2021ರ ಜುಲೈನಲ್ಲಿ ಅಲ್ಲಿ ಮಾನ್ಯವಾಯಿತು. ಇದರ ತಯಾರಿಕೆ ಮಲೇಷ್ಯಾದ ಜೊಹೋರ್ ಘಟಕದಲ್ಲಿ ನಡೆಯುತ್ತದೆ. ಬೆಂಗಳೂರಿನ ಸಂಸ್ಥೆ, ಮಲೇಷ್ಯಾದ ಘಟಕ, ಅಮೆರಿಕದ ರೋಗಿ ಎಂಬ ಈ ಸರಪಳಿಯಲ್ಲಿ ಒಂದಕ್ಕಿಂತ ಹೆಚ್ಚು ದೇಶಗಳ ನಿಯಂತ್ರಣ ಸಂಸ್ಥೆಗಳಿಗೆ ಪಾತ್ರವಿದೆ.

ಪ್ರಯೋಗ ದತ್ತಾಂಶದ ಪ್ರಕರಣ: ಜೆನೆರಿಕ್ ಔಷಧವು ಮೂಲ ಔಷಧದಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆಂದು ತೋರಿಸುವ ಪರೀಕ್ಷೆಯನ್ನು ಜೈವಿಕ ಸಮಾನತೆಯ ಅಧ್ಯಯನ ಎನ್ನುತ್ತಾರೆ. ಬೆಂಗಳೂರಿನ ಸೆಮ್ಲರ್ ರಿಸರ್ಚ್ ಸೆಂಟರ್‌ನಲ್ಲಿ 2015ರಲ್ಲಿ ತಪಾಸಣೆ ನಡೆಸಿದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಧ್ಯಯನಕ್ಕೊಳಪಟ್ಟವರ ಮಾದರಿಗಳನ್ನು ಬದಲಿಸಿ ತಿದ್ದಲಾಗಿದೆಯೆಂದು ಕಂಡುಕೊಂಡು, ಅಲ್ಲಿನ ಅಧ್ಯಯನಗಳನ್ನು ಒಪ್ಪಲಾಗದೆಂದು 2016ರ ಏಪ್ರಿಲ್‌ನಲ್ಲಿ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ತಪಾಸಣೆಯ ಆಧಾರದ ಮೇಲೆ ಆತಂಕ ಸೂಚನೆಯನ್ನು ಹೊರಡಿಸಿತು. ಐರೋಪ್ಯ ಔಷಧ ಸಂಸ್ಥೆಯು ಈ ತಪಾಸಣೆಗಳನ್ನು ಪರಿಗಣಿಸಿ, ಆ ಅಧ್ಯಯನಗಳನ್ನಷ್ಟೇ ನೆಚ್ಚಿದ್ದ ಔಷಧಗಳ ಪರವಾನಗಿಯನ್ನು ಅಮಾನತಿನಲ್ಲಿಡಲು ಅದೇ ವರ್ಷದ ಜುಲೈನಲ್ಲಿ ಶಿಫಾರಸು ಮಾಡಿತು. ಒಂದು ಸಂಸ್ಥೆಯ ತಪಾಸಣೆ ಇತರ ಸಂಸ್ಥೆಗಳ ಕ್ರಮಕ್ಕೆ ನೇರವಾಗಿ ಆಧಾರವಾದ ಪ್ರಕರಣಗಳಲ್ಲಿ ಇದೂ ಒಂದು.

ಬಳ್ಳಾರಿಯ ಬಾಣಂತಿಯರ ಸಾವು: 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಒಳಗಾದ ಐವರು ಬಾಣಂತಿಯರು ಮೃತಪಟ್ಟರು. ಅವರಿಗೆ ನೀಡಿದ್ದ, ಪಶ್ಚಿಮ ಬಂಗಾಳದಲ್ಲಿ ತಯಾರಾದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯ ಸರ್ಕಾರ ಸಂಶಯ ವ್ಯಕ್ತಪಡಿಸಿ, ತನಿಖೆ ನಡೆಸುವಂತೆ ಕೇಂದ್ರವನ್ನು ಕೋರಿತು. ರಾಜ್ಯದ ಪ್ರಯೋಗಾಲಯದಲ್ಲಿ ಅನುತ್ತೀರ್ಣವಾದ ಕೆಲವು ಬ್ಯಾಚುಗಳು ಈ ಮೊದಲು ಕೇಂದ್ರೀಯ ಪ್ರಯೋಗಾಲಯದಲ್ಲಿ ಉತ್ತೀರ್ಣವಾಗಿದ್ದ ಸಂಗತಿಯೂ ಆಗ ಬೆಳಕಿಗೆ ಬಂದಿತು. ಕಾಯ್ದೆಯ 25ನೆಯ ಪ್ರಕರಣದಂತೆ ಸರ್ಕಾರಿ ವಿಶ್ಲೇಷಕರ ವರದಿಯನ್ನು ತಯಾರಕರು 28 ದಿನಗಳೊಳಗೆ ಪ್ರಶ್ನಿಸಬಹುದು. ಹಾಗೆ ಪ್ರಶ್ನಿಸಿದಾಗ ನ್ಯಾಯಾಲಯದ ಮೂಲಕ ಕೇಂದ್ರೀಯ ಪ್ರಯೋಗಾಲಯಕ್ಕೆ ಹೋಗುವ ಮಾದರಿಯ ವರದಿಯೇ ಅಂತಿಮವಾಗುತ್ತದೆ. ದೇಶಗಳ ನಡುವೆ ಕಂಡುಬರುವ ಸಮನ್ವಯದ ಸಮಸ್ಯೆ ಒಂದೇ ದೇಶದ ರಾಜ್ಯಗಳ ನಡುವೆಯೂ ಇದೆಯೆಂಬುದನ್ನು ಈ ಪ್ರಕರಣ ತೋರಿಸಿತು. ಕರ್ನಾಟಕದಲ್ಲಿ ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಗಳಲ್ಲಿ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯಗಳಿವೆ.

ಕೆಮ್ಮಿನ ಸಿರಪ್ ಪ್ರಕರಣಗಳು

2022ರಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡದ ವೈಫಲ್ಯದಿಂದ ಮೃತಪಟ್ಟರು. ಔಷಧಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಆ ದೇಶದಲ್ಲಿ ಇರಲಿಲ್ಲವಾದ್ದರಿಂದ ಮಾದರಿಗಳನ್ನು ಹೊರದೇಶಗಳಿಗೆ ಕಳುಹಿಸಬೇಕಾಯಿತು. ಹರಿಯಾಣದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಮಿತಿ ಮೀರಿದ ಪ್ರಮಾಣದಲ್ಲಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್ 5ರಂದು ಎಚ್ಚರಿಕೆ ನೀಡಿತು. ಭಾರತದಲ್ಲಿ ಉಳಿದಿದ್ದ ಮಾದರಿಗಳ ಪರೀಕ್ಷೆಯಲ್ಲಿ ಈ ವಿಷಗಳು ಕಂಡುಬರಲಿಲ್ಲವೆಂದು ಭಾರತದ ಔಷಧ ಮಹಾನಿಯಂತ್ರಕರು ಪ್ರತಿಕ್ರಿಯಿಸಿದರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಎಚ್ಚರಿಕೆಯನ್ನು ಹಿಂಪಡೆಯಲಿಲ್ಲ. ಅದೇ ವರ್ಷ ಇಂಡೋನೇಷ್ಯಾ ಮತ್ತು ಉಜ್ಬೇಕಿಸ್ತಾನಗಳಲ್ಲಿಯೂ ಇಂಥ ಸಾವುಗಳು ಸಂಭವಿಸಿದವು. ಈ ಮೂರು ದೇಶಗಳಲ್ಲಿ ಒಟ್ಟು 300ಕ್ಕೂ ಹೆಚ್ಚು ಮಕ್ಕಳು ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು.

ಸಿರಪ್‌ಗಳಲ್ಲಿ ಬಳಸುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮುಂತಾದ ದ್ರಾವಕಗಳು ಔಷಧ ದರ್ಜೆಯದಾಗಿರದೆ ಕೈಗಾರಿಕಾ ದರ್ಜೆಯದಾಗಿದ್ದರೆ ಅಥವಾ ಕಲಬೆರಕೆಯಾಗಿದ್ದರೆ ಈ ವಿಷ ಸೇರುತ್ತದೆ. ಪ್ರತಿ ಬ್ಯಾಚಿನ ದ್ರಾವಕವನ್ನು ಬಳಕೆಗೆ ಮುನ್ನ ಪರೀಕ್ಷಿಸುವುದರಿಂದ ಇದನ್ನು ತಡೆಯಬಹುದು. 2023ರ ಜೂನ್ 1ರಿಂದ ಭಾರತದಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗಳಿಗೆ ಸರ್ಕಾರಿ ಪ್ರಯೋಗಾಲಯದ ವಿಶ್ಲೇಷಣಾ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಲಾಯಿತು. ಉತ್ತಮ ತಯಾರಿಕಾ ಕ್ರಮಗಳನ್ನು ವಿಧಿಸುವ ‘ಶೆಡ್ಯೂಲ್ ಎಂ’ ಅನ್ನು 2023ರ ಡಿಸೆಂಬರ್ ಅಂತ್ಯದ ಅಧಿಸೂಚನೆಯ ಮೂಲಕ ಪರಿಷ್ಕರಿಸಲಾಯಿತು.

ರಫ್ತಿಗೆ ವಿಧಿಸಿದ ಈ ಪರೀಕ್ಷೆ ದೇಶದೊಳಗಿನ ಮಾರಾಟಕ್ಕೆ ಅನ್ವಯಿಸಿರಲಿಲ್ಲ. 2025ರ ಸೆಪ್ಟೆಂಬರ್–ಅಕ್ಟೋಬರ್ ಅವಧಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಸುತ್ತಮುತ್ತ 20ಕ್ಕೂ ಹೆಚ್ಚು ಮಕ್ಕಳು ಮೃತಪಟ್ಟರು. ಮಧ್ಯಪ್ರದೇಶದ ಕೋರಿಕೆಯಂತೆ ತಮಿಳುನಾಡಿನ ಅಧಿಕಾರಿಗಳು ಕಾಂಚೀಪುರಂ ಜಿಲ್ಲೆಯ ತಯಾರಿಕಾ ಘಟಕದಿಂದ ಮಾದರಿ ಸಂಗ್ರಹಿಸಿ ಪರೀಕ್ಷಿಸಿದಾಗ ಕೋಲ್ಡ್ರಿಫ್ ಸಿರಪ್‌ನಲ್ಲಿ ಶೇಕಡ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಕಂಡುಬಂದಿತು. ಅನುಮತಿಸಲಾದ ಮಿತಿ ಶೇಕಡ 0.1. ಈ ಔಷಧ ಹೊರದೇಶಗಳಿಗೆ ಹೋಗಿದೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ವಿಚಾರಿಸಿ, ಅಕ್ಟೋಬರ್ 13ರಂದು ಮೂರು ಸಿರಪ್‌ಗಳ ಬಗ್ಗೆ ಎಚ್ಚರಿಕೆ ಪ್ರಕಟಿಸಿತು. ಎರಡು ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಕೆಮ್ಮು ಮತ್ತು ನೆಗಡಿಯ ಔಷಧಗಳನ್ನು ನೀಡಬಾರದೆಂದು ಕೇಂದ್ರ ಸರ್ಕಾರ ಇದೇ ಸಂದರ್ಭದಲ್ಲಿ ಸಲಹಾ ಸೂಚನೆ ಹೊರಡಿಸಿತು.

ಹಾಸನ ಜಿಲ್ಲೆಯ ಹಠಾತ್ ಸಾವುಗಳು ಮತ್ತು ಲಸಿಕೆಯ ಪ್ರಶ್ನೆ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಸುಮಾರು 40 ದಿನಗಳ ಅವಧಿಯಲ್ಲಿ ಹಾಸನ ಜಿಲ್ಲೆಯಿಂದ 20ಕ್ಕೂ ಹೆಚ್ಚು ಹೃದಯಾಘಾತದ ಸಾವುಗಳು ವರದಿಯಾದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳಲ್ಲಿ ಈ ಸುದ್ದಿ ತೀವ್ರ ಆತಂಕ ಉಂಟುಮಾಡಿತು. ಮೃತರಲ್ಲಿ ಯುವಜನರೂ ಇದ್ದುದು ಅದಕ್ಕೆ ಮುಖ್ಯ ಕಾರಣ. ತಪಾಸಣೆಗಾಗಿ ಜನರು ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಿಗೆ ದೊಡ್ಡ ಸಂಖ್ಯೆಯಲ್ಲಿ ಧಾವಿಸಿದರು.

ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮೋದನೆ ನೀಡಿ ವಿತರಿಸಿದ್ದೂ ಈ ಸಾವುಗಳಿಗೆ ಒಂದು ಕಾರಣವಿರಬಹುದೆಂದು ಹೇಳಿ, ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿಗೆ ಅಧ್ಯಯನ ಒಪ್ಪಿಸಿರುವುದಾಗಿ ತಿಳಿಸಿದರು. ಮರುದಿನ ಕೇಂದ್ರ ಆರೋಗ್ಯ ಸಚಿವಾಲಯವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ದೆಹಲಿಯ ಏಮ್ಸ್ ನಡೆಸಿದ ಅಧ್ಯಯನಗಳನ್ನು ಉಲ್ಲೇಖಿಸಿ, ಲಸಿಕೆಗೂ ಹಠಾತ್ ಸಾವುಗಳಿಗೂ ನೇರ ಸಂಬಂಧವಿಲ್ಲವೆಂದು ಸ್ಪಷ್ಟೀಕರಣ ನೀಡಿತು. ಲಸಿಕೆಗಳ ಅನುಮೋದನೆ ಆತುರದ್ದೆಂಬ ಮಾತನ್ನು ಕಿರಣ್ ಮಜುಂದಾರ್ ಷಾ ಅವರೂ ಸಾರ್ವಜನಿಕವಾಗಿ ಅಲ್ಲಗಳೆದರು.

ಭಾರತದಲ್ಲಿ ವ್ಯಾಪಕವಾಗಿ ಬಳಕೆಯಾದ ಕೋವಿಶೀಲ್ಡ್, ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ಅಭಿವೃದ್ಧಿಪಡಿಸಿದ ಲಸಿಕೆಯ ಭಾರತೀಯ ಹೆಸರು. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಇದಕ್ಕೆ 2020ರ ಡಿಸೆಂಬರ್ 30ರಂದು, ಭಾರತ 2021ರ ಜನವರಿ 3ರಂದು, ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿ 15ರಂದು ತುರ್ತು ಬಳಕೆಯ ಒಪ್ಪಿಗೆ ನೀಡಿದವು. ಪ್ಲೇಟ್‌ಲೆಟ್ ಇಳಿಕೆಯೊಂದಿಗೆ ರಕ್ತ ಹೆಪ್ಪುಗಟ್ಟುವ ಅತಿ ವಿರಳ ತೊಂದರೆಯನ್ನು ಯುರೋಪಿನ ದೇಶಗಳ ನಿಗಾ ವ್ಯವಸ್ಥೆಗಳು ಗುರುತಿಸಿದ್ದರಿಂದ, 2021ರ ಏಪ್ರಿಲ್ 7ರಂದು ಐರೋಪ್ಯ ಔಷಧ ಸಂಸ್ಥೆ ಅದನ್ನು ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿತು. ಭಾರತದ ರಾಷ್ಟ್ರೀಯ ಸಮಿತಿಯು ಇಲ್ಲಿನ ಗಂಭೀರ ಪ್ರಕರಣಗಳಲ್ಲಿ 498ನ್ನು ಪರಿಶೀಲಿಸಿ, 26 ಪ್ರಕರಣಗಳು ಇಂಥ ತೊಂದರೆಯವಾಗಿರಬಹುದೆಂದೂ, ಪ್ರಮಾಣವು ಹತ್ತು ಲಕ್ಷ ಡೋಸ್‌ಗಳಿಗೆ 0.61 ಎಂದೂ 2021ರ ಮೇ ತಿಂಗಳಲ್ಲಿ ವರದಿ ಮಾಡಿತು. ಈ ತೊಂದರೆಯು ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವೇ ವಾರಗಳೊಳಗೆ ಕಾಣಿಸಿಕೊಳ್ಳುವಂಥದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರ ಮೇಯಿಂದ ಆಗಸ್ಟ್‌ವರೆಗೆ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ನಡೆಯಿತು. 18ರಿಂದ 45 ವರ್ಷದೊಳಗಿನವರ ಕಾರಣ ತಿಳಿಯದ ಹಠಾತ್ ಸಾವುಗಳನ್ನು ಪರಿಶೀಲಿಸಿದ ಈ ಅಧ್ಯಯನ, ಲಸಿಕೆಯು ಅಪಾಯವನ್ನು ಹೆಚ್ಚಿಸಲಿಲ್ಲವೆಂದು ಕಂಡುಕೊಂಡಿತು. ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾಗಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುನ್ನ 48 ಗಂಟೆಗಳಲ್ಲಿ ಅತಿಯಾದ ಮದ್ಯಪಾನ ಮತ್ತು ಅತಿಯಾದ ದೈಹಿಕ ಶ್ರಮ ಮುಂತಾದವು ಅಪಾಯದೊಂದಿಗೆ ಸಂಬಂಧ ಹೊಂದಿದ್ದವು.

ರಾಜ್ಯದ ತಜ್ಞರ ವರದಿಯು ಹಾಸನದ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, 4 ಇತರ ಕಾರಣಗಳವು ಎಂದು ಗುರುತಿಸಿತು. ಲಸಿಕೆಯೊಂದಿಗೆ ಸಂಬಂಧ ಕಂಡುಬರಲಿಲ್ಲ. ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನ, ಕುಟುಂಬದ ಇತಿಹಾಸ ಮುಂತಾದ ಹಲವು ಅಂಶಗಳು ಬಹುತೇಕರಲ್ಲಿ ಇದ್ದವೆಂದು ಹೇಳಲಾಯಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆಗೆ ಒಳಪಡಿಸುವ ನಿರ್ಧಾರವನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಮರಣೋತ್ತರ ಪರೀಕ್ಷೆಯಿಲ್ಲದೆ ಅಂತ್ಯಕ್ರಿಯೆ ನಡೆದ ಸಾವಿನ ಕಾರಣವನ್ನು ನಂತರ ಖಚಿತಪಡಿಸುವುದು ಕಷ್ಟವಾದ್ದರಿಂದ, ಔಷಧ ಅಥವಾ ಲಸಿಕೆಯ ಮೇಲಿನ ಸಂಶಯವನ್ನು ದೃಢಪಡಿಸಲೂ ನಿವಾರಿಸಲೂ ಇಂಥ ದಾಖಲೆ ಅಗತ್ಯವಾಗುತ್ತದೆ.

ತಾಲ್ಲೂಕು ಆಸ್ಪತ್ರೆಯಿಂದ ಉಪ್ಸಲಾವರೆಗೆ

ಭಾರತವು 1998ರಲ್ಲಿ ಅಂತರರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮವನ್ನು ಸೇರಿತು. 2010ರಲ್ಲಿ ಆರಂಭವಾದ ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ ರಾಷ್ಟ್ರೀಯ ಸಮನ್ವಯ ಕೇಂದ್ರವು 2011ರಿಂದ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದಲ್ಲಿದೆ. ಔಷಧ ಸೇವಿಸಿದ ನಂತರ ತೊಂದರೆ ಕಂಡುಬಂದರೆ ವೈದ್ಯರು, ಶುಶ್ರೂಷಕರು, ಔಷಧ ವ್ಯಾಪಾರಿಗಳು ಮಾತ್ರವಲ್ಲದೆ ರೋಗಿಗಳೂ ವರದಿ ಮಾಡಬಹುದು. ಸಾರ್ವಜನಿಕರ ವರದಿ ನಮೂನೆ ಕನ್ನಡದಲ್ಲಿಯೂ ಲಭ್ಯವಿದೆ. 1800-180-3024 ಎಂಬ ಉಚಿತ ಸಹಾಯವಾಣಿಯೂ ಇದೆ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಸೇವಿಸಿದ ದಿನ ಮತ್ತು ತೊಂದರೆ ಆರಂಭವಾದ ದಿನ ಇವು ವರದಿಯ ಮುಖ್ಯ ಅಂಶಗಳು. ಇಂಥ ವರದಿಗಳು ವೈದ್ಯಕೀಯ ಕಾಲೇಜು ಮುಂತಾದೆಡೆ ಇರುವ ನಿಗಾ ಕೇಂದ್ರಗಳ ಮೂಲಕ ಗಾಜಿಯಾಬಾದಿಗೆ, ಅಲ್ಲಿಂದ ಉಪ್ಸಲಾದ ಜಾಗತಿಕ ದತ್ತಸಂಚಯಕ್ಕೆ ಸೇರುತ್ತವೆ. ಆ ದತ್ತಸಂಚಯದಲ್ಲಿ 3 ಕೋಟಿಗೂ ಹೆಚ್ಚು ವರದಿಗಳಿವೆ.

ಲಸಿಕೆಗಳಿಗೆ ಪ್ರತ್ಯೇಕ ಮಾರ್ಗವಿದೆ. ಲಸಿಕೆಯ ನಂತರದ ಗಂಭೀರ ತೊಂದರೆಯನ್ನು ಆರೋಗ್ಯ ಕಾರ್ಯಕರ್ತೆಯರು ವೈದ್ಯಾಧಿಕಾರಿಗೆ, ಅವರು ಜಿಲ್ಲಾ ಲಸಿಕಾಧಿಕಾರಿಗೆ ತಿಳಿಸುತ್ತಾರೆ. ರಾಜ್ಯ ಮತ್ತು ರಾಷ್ಟ್ರ ಮಟ್ಟದ ಸಮಿತಿಗಳು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವನ್ನು ಅನುಸರಿಸಿ ಕಾರಣವನ್ನು ನಿರ್ಧರಿಸುತ್ತವೆ. ಲಸಿಕೆಯ ನಂತರ ಸಂಭವಿಸಿದ್ದೆಲ್ಲವೂ ಲಸಿಕೆಯಿಂದ ಸಂಭವಿಸಿದ್ದಲ್ಲ ಎಂಬುದು ಈ ವಿಧಾನದ ಮೂಲತತ್ತ್ವ. ವರದಿಯಾಗದ ಘಟನೆಯನ್ನು ಪರಿಶೀಲಿಸಲಾಗದು ಎಂಬುದೂ ಅಷ್ಟೇ ಮುಖ್ಯ. ವಿರಳ ಅಡ್ಡಪರಿಣಾಮವು ಒಂದು ತಾಲ್ಲೂಕಿನಲ್ಲಿ ಅಥವಾ ಜಿಲ್ಲೆಯಲ್ಲಿ ಒಂದೆರಡು ಬಾರಿ ಮಾತ್ರ ಕಾಣಬಹುದು. ಹಲವು ದೇಶಗಳ ವರದಿಗಳನ್ನು ಒಟ್ಟುಗೂಡಿಸಿದಾಗಲೇ ಅದರ ಸ್ವರೂಪ ತಿಳಿಯುತ್ತದೆ.

ಆಯುರ್ವೇದ ಔಷಧಗಳು

ಹಾಸನದಲ್ಲಿ 1992ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆಯಂಥ ಸಂಸ್ಥೆಗಳಿಂದಾಗಿ ಕರ್ನಾಟಕ ಆಯುರ್ವೇದ ಶಿಕ್ಷಣದ ಪ್ರಮುಖ ರಾಜ್ಯಗಳಲ್ಲಿ ಒಂದಾಗಿದೆ. ಭಾರತದಲ್ಲಿ ಔಷಧವೆಂದು ಪರಿಗಣಿತವಾದ ಆಯುರ್ವೇದ ತಯಾರಿಕೆಗಳನ್ನು ಅಮೆರಿಕದಂಥ ದೇಶಗಳಲ್ಲಿ ಬಹುತೇಕ ಆಹಾರ ಪೂರಕಗಳೆಂದು ಮಾರಲಾಗುತ್ತದೆ. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಸಂಗ್ರಹಿಸಿದ 70 ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದರ ನಂತರ ಭಾರತವು ರಫ್ತಾಗುವ ಗಿಡಮೂಲಿಕೆ ಔಷಧಗಳಿಗೆ ಭಾರಲೋಹ ಪರೀಕ್ಷೆಯನ್ನು 2006ರಿಂದ ಕಡ್ಡಾಯಗೊಳಿಸಿತು. ಗಿಡಮೂಲಿಕೆ ಔಷಧಗಳ ನಿಯಂತ್ರಣ ಸಹಕಾರಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 2006ರಲ್ಲಿ ಪ್ರತ್ಯೇಕ ಜಾಲವೊಂದು ರಚನೆಯಾಗಿದ್ದು, ಭಾರತ ಅದರ ಸದಸ್ಯ ರಾಷ್ಟ್ರ.

ಟೀಕೆಗಳು ಮತ್ತು ಮಿತಿಗಳು

ಸಹಕಾರದ ವ್ಯವಸ್ಥೆ ವ್ಯಾಪಾರದ ಹಿತಾಸಕ್ತಿಗಳಿಂದ ಮುಕ್ತವಾಗಿಲ್ಲ. ಹೈದರಾಬಾದಿನ ಪ್ರಯೋಗ ಸಂಸ್ಥೆಯೊಂದರ ಅಧ್ಯಯನಗಳಲ್ಲಿನ ಲೋಪವನ್ನು ಫ್ರಾನ್ಸಿನ ನಿಯಂತ್ರಣ ಸಂಸ್ಥೆ 2014ರಲ್ಲಿ ಗುರುತಿಸಿದ ಮೇಲೆ ಐರೋಪ್ಯ ಒಕ್ಕೂಟವು ಸುಮಾರು 700 ಔಷಧಗಳ ಮಾರಾಟವನ್ನು ನಿರ್ಬಂಧಿಸಿದಾಗ, ಭಾರತವು 2015ರ ಆಗಸ್ಟ್‌ನಲ್ಲಿ ಒಕ್ಕೂಟದೊಂದಿಗಿನ ವ್ಯಾಪಾರ ಮಾತುಕತೆಯನ್ನು ಮುಂದೂಡಿತು. ಏಕರೂಪತೆಯ ನಿಯಮಗಳನ್ನು ಶ್ರೀಮಂತ ದೇಶಗಳು ಮತ್ತು ದೊಡ್ಡ ಕಂಪನಿಗಳೇ ರೂಪಿಸುತ್ತವೆ, ಅವುಗಳ ವೆಚ್ಚವನ್ನು ಸಣ್ಣ ತಯಾರಕರು ಭರಿಸಲಾರರು ಎಂಬ ಟೀಕೆಯಿದೆ. ದುರ್ಬಲ ಮಾನದಂಡದ ಬೆಲೆಯನ್ನು ಬಡ ದೇಶಗಳ ರೋಗಿಗಳು ತೆರುತ್ತಾರೆಂಬುದು ಇದಕ್ಕೆ ಪ್ರತಿವಾದ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿಯಾಗಿರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು.

ಒಂದೇ ಪುರಾವೆಯ ಮೇಲೆ ದೇಶಗಳು ಬೇರೆ ಬೇರೆ ತೀರ್ಮಾನಕ್ಕೆ ಬರುವುದೂ ಉಂಟು. ನೋವುನಿವಾರಕ ನಿಮೆಸುಲೈಡ್ ಅಮೆರಿಕದಲ್ಲಿ ಎಂದೂ ಮಾರುಕಟ್ಟೆಗೆ ಬರಲಿಲ್ಲ. ಯಕೃತ್ತಿನ ಹಾನಿಯ ಕಾರಣಕ್ಕೆ ಐರ್ಲೆಂಡ್ 2007ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಭಾರತದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಷೇಧಿಸಿದ್ದು 2011ರಲ್ಲಿ. ಮಾಹಿತಿ ಗಡಿ ದಾಟಿದರೂ ಅದರ ಮೇಲೆ ಕ್ರಮ ಕೈಗೊಳ್ಳುವ ಹೊಣೆ ಆಯಾ ದೇಶದ ನಿಯಂತ್ರಣ ಸಂಸ್ಥೆಯದೇ ಆಗಿ ಉಳಿಯುತ್ತದೆ.